ಸಹಾಯ ಬೇಕು: ಸ್ಮಾರ್ಟ್ ಕೀ ಸೆಲ್ ಬೇಗ ಖಾಲಿಯಾಗ್ತಿದೆ (ಮಂಡ್ಯ/ಮೈಸೂರು)

ಎಲ್ಲರಿಗೂ ನಮಸ್ಕಾರ. ಅಪ್ಪನ ಕಾರಿನ ಸ್ಮಾರ್ಟ್ ಕೀಗೆ 3 ವೋಲ್ಟ್‌ನ ಸಿಆರ್2032 ಸೆಲ್ (ನಾಣ್ಯದಾಕಾರದ ಚಿಕ್ಕ ಬ್ಯಾಟರಿ). ವರ್ಷಕ್ಕಿಂತ ಹೆಚ್ಚು ಬರಬೇಕಾದ್ದು ಕೆಲವೇ ತಿಂಗಳಿಗೆ ಕೈಕೊಡ್ತಿದೆ. ಗುಂಡಿ ಒತ್ತಿದ್ರೆ ಕೆಂಪು ದೀಪ ಮಿಣುಕ್ ಅಂದು ಸುಮ್ಮನಾಗುತ್ತೆ. ಒಳಗಿರೋ ಲೋಹದ ಕೀಲಿಯಿಂದ ಬಾಗಿಲು ತೆಗೆದು, ಕೀಯನ್ನ ಸ್ಟಾರ್ಟ್ ಬಟನ್‌ಗೇ ತಾಗಿಸಿ ಹಿಡಿದ್ರೆ ಗಾಡಿ ಸ್ಟಾರ್ಟ್ ಆಗುತ್ತೆ, ನಿಜ. ಆದ್ರೆ ಅಮ್ಮನ ಚಿಕಿತ್ಸೆಗೆ ಮಂಡ್ಯದಿಂದ ಮೈಸೂರಿಗೆ ಓಡಾಡೋರು ಅವರು. ಆಸ್ಪತ್ರೆ ಮುಂದೆ ಬಿಸಿಲಲ್ಲಿ ಇಬ್ರೂ ಪರದಾಡೋದು ನೋಡಕ್ಕಾಗಲ್ಲ.

ಕೀ ನೇತುಹಾಕೋ ಮೊಳೆ ಪೋರ್ಟಿಕೋ ಗೋಡೆಯಲ್ಲೇ ಇದೆ, ಕಾರಿಗೆ ಎರಡೇ ಮಾರು ದೂರ. ಕಾರು ಕಳಿಸೋ ರೇಡಿಯೋ ಸಿಗ್ನಲ್‌ಗೆ ಕೀ ಉತ್ತರ ಕೊಡ್ತಾ ಸೆಲ್ ಇಳೀತಿರಬಹುದು ಅಂತ ನನ್ನ ಅನುಮಾನ. ಕೀ ಒಳಗಿನ ಕೋಣೆಗೆ ಸ್ಥಳಾಂತರಿಸಿ ಯಾರಿಗಾದ್ರೂ ವ್ಯತ್ಯಾಸ ಕಂಡಿದ್ಯಾ? ಮೈಸೂರಿನ ದೇವರಾಜ ಅರಸ್ ರಸ್ತೆ ಕಡೆ ಅಸಲಿ ಸೆಲ್ ಸಿಗೋ ಅಂಗಡಿ, ಒಳಗಿನ ಸರ್ಕ್ಯೂಟ್ ಬೋರ್ಡ್‌ಗೆ ಏಟಾಗದಂತೆ ಕೀ ಬಿಚ್ಚೋ ಮೆಕ್ಯಾನಿಕ್ ಗೊತ್ತಿದ್ರೆ ದಯವಿಟ್ಟು ತಿಳಿಸಿ.