11 ಕೆವಿ ಲೈನ್ ಕೆಲಸ: ಗುತ್ತಿಗೆ ಕಾರ್ಮಿಕರಿಗೆ ಯಾವ ಸುರಕ್ಷತಾ ಸಾಧನಗಳನ್ನು ಕೊಡಬೇಕು?

ಪ್ರಶ್ನೆ (ಗುತ್ತಿಗೆದಾರ, ಹಾವೇರಿ ಜಿಲ್ಲೆ):
ನಮಸ್ಕಾರ. 11 ಕೆವಿ (11,000 ವೋಲ್ಟ್) ಮಾರ್ಗದಲ್ಲಿ ಕಂಬ ಬದಲಾಯಿಸುವುದು, ತಂತಿ ಎಳೆಯುವುದು ಮತ್ತು ಟಿಸಿ (ಟ್ರಾನ್ಸ್‌ಫಾರ್ಮರ್) ಕೂರಿಸುವುದು ನಮ್ಮ ತಂಡದ ಕೆಲಸ. ಇದುವರೆಗೆ ಹುಡುಗರಿಗೆ ಹೆಲ್ಮೆಟ್, ಸೊಂಟಕ್ಕೆ ಕಟ್ಟುವ ಸೇಫ್ಟಿ ಬೆಲ್ಟ್ ಹಾಗೂ ರಬ್ಬರ್ ಗ್ಲೌಸ್ ಕೊಡುತ್ತಿದ್ದೇವೆ. ಇಷ್ಟು ಸಾಕೇ? ಇವುಗಳ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳಬಹುದು ಎಂದು ಕೆಲವರು ಹೇಳುತ್ತಾರೆ, ಅದು ಸರಿಯೇ?

ಉತ್ತರ 1 (ಕಾರ್ಮಿಕ ಕಾನೂನು ಸಲಹೆಗಾರ):
ಮುರಿದುಕೊಳ್ಳುವಂತಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪ್ರಕಾರ, ಸುರಕ್ಷತೆಗಾಗಿ ಒದಗಿಸಿದ ಯಾವುದಕ್ಕೂ ನೌಕರನಿಂದ ಹಣ ವಸೂಲು ಮಾಡಬಾರದು. ಏನೇನು ಕೊಡಬೇಕೆಂಬುದಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಾವಳಿಯನ್ನು ಓದಿ. ಗ್ಲೌಸ್, ರಬ್ಬರ್ ಶೂ, ಸೇಫ್ಟಿ ಬೆಲ್ಟ್, ಹೆಲ್ಮೆಟ್‌ಗಳ ಜೊತೆಗೆ ಏಣಿ, ಅರ್ಥಿಂಗ್ ಸಾಧನ (ತಂತಿಯನ್ನು ನೆಲಕ್ಕೆ ಜೋಡಿಸುವಂಥದ್ದು) ಮತ್ತು ಲೈನ್ ಟೆಸ್ಟರ್ ಕೂಡ ಅದರಲ್ಲಿವೆ.

ಉತ್ತರ 2 (ನಿವೃತ್ತ ಸಹಾಯಕ ಎಂಜಿನಿಯರ್):
ಸೊಂಟದ ಬೆಲ್ಟನ್ನು ಕಂಬಕ್ಕೆ ಒರಗಿ ನಿಲ್ಲಲು ಮಾತ್ರ ಬಳಸಿ. ಬಿದ್ದಾಗ ದೇಹದ ಭಾರವೆಲ್ಲ ಹೊಟ್ಟೆ ಮತ್ತು ಬೆನ್ನೆಲುಬಿನ ಮೇಲೆ ಬೀಳುವುದರಿಂದ, ಭಾರತೀಯ ಮಾನಕ ಐಎಸ್ 3521 ಗುರುತಿರುವ ಪೂರ್ಣ ದೇಹದ ಹಾರ್ನೆಸ್ (ಭುಜ, ತೊಡೆಗಳಿಗೂ ಪಟ್ಟಿ ಇರುವ ಬೆಲ್ಟ್) ಬೇಕು. ಇಲ್ಲೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ: ಹಾರ್ನೆಸ್‌ನ ಎರಡು ಮೀಟರ್ ಹಗ್ಗ, ಬಿದ್ದಾಗ ಜರ್ಕ್ ತಗ್ಗಿಸಲು ಹಿಗ್ಗುವ ಶಾಕ್ ಅಬ್ಸಾರ್ಬರ್ ಮತ್ತು ಮನುಷ್ಯನ ಎತ್ತರ ಸೇರಿದರೆ ಕೆಳಗೆ ಸುಮಾರು ಆರು ಮೀಟರ್ ಜಾಗ ಬೇಕಾಗುತ್ತದೆ, ಆದರೆ ಒಂಬತ್ತು ಮೀಟರ್ ಕಂಬದಲ್ಲಿ ನೆಲದಿಂದ ಮೇಲಿರುವುದೇ ಏಳೂವರೆ ಮೀಟರ್. ಆದ್ದರಿಂದ ಹಗ್ಗದ ಕೊಂಡಿಯನ್ನು ಕಾಲ ಬಳಿ ಅಲ್ಲ, ತಲೆಗಿಂತ ಮೇಲೆ ಸಿಕ್ಕಿಸಬೇಕು.

ಗ್ಲೌಸ್ ವಿಷಯದಲ್ಲಿ ಅಂಗಡಿಯವನ ಮಾತು ನಂಬಬೇಡಿ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಕ್ಲಾಸ್ 0 ಗ್ಲೌಸ್ 1,000 ವೋಲ್ಟ್‌ವರೆಗೆ ಮಾತ್ರ, ಕ್ಲಾಸ್ 2 ಗ್ಲೌಸ್ 17,000 ವೋಲ್ಟ್‌ವರೆಗೆ. ಪ್ರತಿದಿನ ಹಾಕಿಕೊಳ್ಳುವ ಮುನ್ನ ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತಿ, ಒಳಗೆ ಸೇರಿದ ಗಾಳಿ ಬೆರಳುಗಳಿಂದ ಸೋರುತ್ತಿದೆಯೇ ಎಂದು ಕೆನ್ನೆಯ ಬಳಿ ಹಿಡಿದು ನೋಡಲಿ. ಮೇಲೆ ಚರ್ಮದ ಗ್ಲೌಸ್ ಇರಲಿ, ಇಲ್ಲವಾದರೆ ತಂತಿಯ ಒಂದು ಗೀರು ರಬ್ಬರನ್ನು ಹಾಳುಮಾಡುತ್ತದೆ.

ಉತ್ತರ 3 (ಪವರ್‌ಮ್ಯಾನ್):
ಇಬ್ಬರೂ ಹೇಳಿದ್ದು ಸರಿ, ಆದರೆ ಗ್ಲೌಸ್ ಇದೆ ಎಂದು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿ ಕೊಡುವ ಕೆಲಸದ ಅನುಮತಿ) ತೆಗೆದುಕೊಳ್ಳದೆ ಕಂಬ ಹತ್ತಿಸಬೇಡಿ. ಸಬ್‌ಸ್ಟೇಷನ್ನಿನಲ್ಲಿ ಲೈನ್ ಆಫ್ ಮಾಡಿದರೂ ಯಾರದೋ ಮನೆಯ ಜನರೇಟರ್‌ನಿಂದ ಕರೆಂಟು ಟಿಸಿ ಮೂಲಕ ಹಿಂದಕ್ಕೆ ಬಂದು 11 ಕೆವಿ ತಂತಿಗೆ ಏರುವುದುಂಟು. ಟೆಸ್ಟರ್‌ನಲ್ಲಿ ನೋಡಿ, ಕೆಲಸ ಮಾಡುವ ಜಾಗದ ಎರಡೂ ಕಡೆ ಅರ್ಥಿಂಗ್ ರಾಡ್ ಹಾಕಿಸಿ.

ಪ್ರಶ್ನೆ ಕೇಳಿದವರು:
ಬಿಸಿಲಿನಲ್ಲಿ ಹಾರ್ನೆಸ್ ಹಾಕಲು ಹುಡುಗರು ಒಪ್ಪುವುದಿಲ್ಲವಲ್ಲ ಸರ್?

ಉತ್ತರ 2:
ಅಳತೆ ಸರಿಯಿಲ್ಲದಿದ್ದರೆ ಯಾರೂ ಹಾಕುವುದಿಲ್ಲ. ತೊಡೆಯ ಪಟ್ಟಿಗಳನ್ನು ಪ್ರತಿಯೊಬ್ಬರಿಗೂ ನೀವೇ ಮುಂದೆ ನಿಂತು ಸರಿಪಡಿಸಿ, ಒಬ್ಬರದನ್ನು ಇನ್ನೊಬ್ಬರಿಗೆ ಕೊಡಬೇಡಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಂಬದ ಕೆಲಸವನ್ನು ಬೆಳಿಗ್ಗೆ ಹನ್ನೊಂದರೊಳಗೆ ಮುಗಿಸುವಂತೆ ಎಲ್‌ಸಿ ಕೇಳಿ.