ಮಗಳ ಪ್ರಾಜೆಕ್ಟ್‌ಗೆ ಯುದ್ಧಕಾಲದ ಕೆನಡಿಯನ್ ಒಬ್ಬರು ಬೇಕು, ಯಾರ ಬಗ್ಗೆ ಬರೆಸಲಿ?

ಬ್ರಾಂಪ್ಟನ್_ಅಮ್ಮ: ನವೆಂಬರ್ 11ರ ರಿಮೆಂಬ್ರೆನ್ಸ್ ಡೇಗೆ (ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ) ಮಗಳು ಯುದ್ಧದಲ್ಲಿ ಸೇವೆ ಮಾಡಿದ ಒಬ್ಬರ ಬಗ್ಗೆ ಬರೆಯಬೇಕು. ಕ್ಲಾಸಿನ ಅರ್ಧ ಮಕ್ಕಳು ಪೈಲಟ್ ಬಿಲ್ಲಿ ಬಿಷಪ್‌ರನ್ನೇ ಹಿಡಿದುಕೊಂಡಿದ್ದಾರಂತೆ. ಊರಲ್ಲೇ ಇದ್ದು ದುಡಿದವರೂ ಆಗುತ್ತದೆ ಅಂದಿದ್ದಾರೆ ಟೀಚರ್. ಯಾರಿದ್ದಾರೆ?

ಗ್ಯಾರೇಜ್_ಗೌಡ: ಎಲ್ಸಿ ಮ್ಯಾಕ್‌ಗಿಲ್! ಪೋಲಿಯೋ ಬಂದು ಕೋಲು ಹಿಡಿದು ನಡೆಯುತ್ತಿದ್ದ ಇಂಜಿನಿಯರ್. ಎರಡನೇ ಮಹಾಯುದ್ಧದಲ್ಲಿ ಫೋರ್ಟ್ ವಿಲಿಯಂನ (ಈಗಿನ ಥಂಡರ್ ಬೇ) ಕಾರ್ಖಾನೆಯಲ್ಲಿ ಹರಿಕೇನ್ ಯುದ್ಧವಿಮಾನಗಳ ತಯಾರಿಕೆಯ ಹೊಣೆ ಇವರದ್ದು. 1,400ಕ್ಕೂ ಜಾಸ್ತಿ ವಿಮಾನ ಅಲ್ಲಿಂದ ಹೊರಬಿದ್ದವು, ಕೆಲಸಗಾರರಲ್ಲಿ ಹೆಂಗಸರೂ ಬಹಳ. ಹಿಮದ ಮೇಲೆ ಇಳಿಯಲು ಸ್ಕೀ, ರೆಕ್ಕೆಗೆ ಮಂಜು ಕಟ್ಟದ ಹಾಗೆ ವ್ಯವಸ್ಥೆ ಇರುವ ಒಂದು ಮಾದರಿಯನ್ನೂ ಇವರು ರೂಪಿಸಿದರು. ಇಂಥವರ ಹೆಸರು ಇಂಜಿನಿಯರಿಂಗ್ ಓದಿದ ನಮಗೇ ಯಾರೂ ಹೇಳಿರಲಿಲ್ಲ ನೋಡಿ.

ಕಿಚನರ್_ಕಾಕಾ: ಎಲ್ಸಿ ಸರಿ. ಆದರೆ ನಿಮ್ಮ ಹತ್ತಿರದಲ್ಲೇ ಬಕಮ್ ಸಿಂಗ್ ಇದ್ದಾರಲ್ಲ? ಪಂಜಾಬಿನಲ್ಲಿ 1893ರಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯಕ್ಕೆ ಬಂದವರು. 1915ರಲ್ಲಿ ಕೆನಡಾ ಸೇನೆ ಸೇರಿದರು, 1916ರಲ್ಲಿ ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಎರಡು ಸಲ ಗಾಯ, ಆಮೇಲೆ ಕ್ಷಯ ಹತ್ತಿ 1919ರಲ್ಲಿ ಇಲ್ಲೇ ಕಿಚನರ್‌ನಲ್ಲಿ ತೀರಿಕೊಂಡರು. ಹೆಂಡತಿ ಪಂಜಾಬಿನಲ್ಲೇ ಉಳಿದರು, ಯಾಕೆಂದರೆ ಆಗಿನ ಕಾನೂನಿನಲ್ಲಿ ನಮ್ಮವರು ಹೆಂಡತಿಯನ್ನು ಕರೆಸಿಕೊಳ್ಳುವುದು ಹೆಚ್ಚು ಕಡಿಮೆ ಆಗದ ಮಾತು. ಕೆನಡಾಕ್ಕಾಗಿ ಗುಂಡು ತಿನ್ನಬಹುದು, ಬ್ರಿಟಿಷ್ ಕೊಲಂಬಿಯಾದಲ್ಲಿ ಓಟು ಮಾತ್ರ ಹಾಕುವಂತಿಲ್ಲ! ಅದು ಸಿಕ್ಕಿದ್ದು 1947ರಲ್ಲಿ. ಎಷ್ಟೋ ವರ್ಷ ಯಾರಿಗೂ ಇವರ ನೆನಪಿರಲಿಲ್ಲ, ಪದಕ ಲಂಡನ್ನಿನ ಅಂಗಡಿಯಲ್ಲಿ ಸಿಕ್ಕಿದ ಮೇಲೆ ಹುಡುಕಾಟ ಶುರುವಾಯಿತು. ಸಮಾಧಿ ಮೌಂಟ್ ಹೋಪ್ ಸ್ಮಶಾನದಲ್ಲಿದೆ.

ಸುಮ್ನೆ_ಓದುಗ: ಭಾರತದವರು ಅಂತಲೇ ಆರಿಸಬೇಕಿಲ್ಲ ಅಲ್ವಾ? ಕೆನಡಾದ ಮೂಲನಿವಾಸಿಗಳಾದ ಒಜಿಬ್ವೆ ಸಮುದಾಯದ ಫ್ರಾನ್ಸಿಸ್ ಪೆಗಾಮಗಾಬೋ ಅವರನ್ನೂ ನೋಡಿ. ಮೊದಲ ಮಹಾಯುದ್ಧದ ಸ್ನೈಪರ್ (ಮರೆಯಲ್ಲಿದ್ದು ದೂರದಿಂದ ಗುರಿಯಿಟ್ಟು ಹೊಡೆಯುವವರು), ಮಿಲಿಟರಿ ಮೆಡಲ್ ಮೂರು ಸಲ ಬಂದಿತ್ತು. ಊರಿಗೆ ಬಂದ ಮೇಲೆ ತಮ್ಮ ಜನರ ಮುಖ್ಯಸ್ಥರಾಗಿ ಮೂಲನಿವಾಸಿಗಳ ಮೇಲ್ವಿಚಾರಣೆಗೆ ಸರ್ಕಾರ ಇಟ್ಟಿದ್ದ ಏಜೆಂಟರ ಜೊತೆಗೇ ಜಗಳ ಆಡಬೇಕಾಯಿತು.

ಬ್ರಾಂಪ್ಟನ್_ಅಮ್ಮ: ಎಲ್ಲರಿಗೂ ಥ್ಯಾಂಕ್ಸ್. ಹೆಂಡತಿಯ ವಿಷಯ ಓದಿ ಮಗಳು ಬಕಮ್ ಸಿಂಗ್ ಅಂತ ಹಟ ಹಿಡಿದಿದ್ದಾಳೆ. ಕಾಕಾ, ಸೇನೆಗೆ ಸೇರಿದಾಗಿನ ಕಾಗದ ಎಲ್ಲಾದರೂ ನೋಡಲು ಸಿಗುತ್ತಾ?

ಕಿಚನರ್_ಕಾಕಾ: ಸಿಗುತ್ತದೆ. ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾದವರು ಮೊದಲ ಮಹಾಯುದ್ಧದ ಸೈನಿಕರ ಫೈಲುಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಫ್ರೀಯಾಗಿ ಇಟ್ಟಿದ್ದಾರೆ. ಹೆಸರಿನ ಸ್ಪೆಲಿಂಗ್ ಎರಡು ಮೂರು ಥರ ಹಾಕಿ ಹುಡುಕಿ.