ಪದಚರ್ಚೆ: ಹೊಟ್ಟೆಯ ಸೋಂಕು, ನಂಜು, ಮತ್ತು 'ಔಟ್‌ಕಮ್'

ಗೆಳೆಯರೇ,

ಆಪರೇಷನ್ ಆಗಬೇಕಾದವರ ಮನೆಯವರಿಗಾಗಿ ಒಂದು ಪುಟ್ಟ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳು ಸತಾಯಿಸುತ್ತಿವೆ.

ಮೊದಲನೆಯದು 'ಅಬ್ಡಾಮಿನಲ್ ಇನ್ಫೆಕ್ಷನ್'. ಸುಮ್ನೆ 'ಹೊಟ್ಟೆಯ ಸೋಂಕು' ಅಂತ ಬರೆದಿದ್ದೆ. ಓದಿದವರೊಬ್ಬರು "ಭೇದಿಗೂ ಆಪರೇಷನ್ ಮಾಡ್ತಾರಾ?" ಎಂದು ಕೇಳಿದರು. ತಪ್ಪು ಅವರದಲ್ಲ. ನಮಗೆ ಹೊಟ್ಟೆ ಅಂದರೆ ಊಟ ಇಳಿಯುವ ಚೀಲವೂ ಹೌದು, ಎದೆಯ ಕೆಳಗಿನ ಇಡೀ ಭಾಗವೂ ಹೌದು. ಇಲ್ಲಿ ಹೇಳುತ್ತಿರುವುದು ಅಪೆಂಡಿಕ್ಸ್ ಒಡೆದೋ, ಕರುಳು ತೂತಾಗಿಯೋ, ಕರುಳಿಗೆ ಹಾಕಿದ ಹೊಲಿಗೆ ಸೋರಿಯೋ ಒಳಗಿದ್ದದ್ದು ಆಚೆ ಬಂದು ಸುತ್ತಲೂ ಕೀವು ತುಂಬುವ ವಿಷಯ. 'ಉದರಾಂತರ್ಗತ ಸೋಂಕು' ಎಂದರೆ ಅರ್ಥವೇನೋ ಸರಿ, ಆದರೆ ರೋಗಕ್ಕಿಂತ ಹೆಸರೇ ಜಾಸ್ತಿ ಹೆದರಿಸುತ್ತದೆ. ಎದೆಗೂಡು ಇದೆಯಲ್ಲ, ಅದೇ ದಾರಿಯಲ್ಲಿ 'ಹೊಟ್ಟೆಗೂಡಿನ ಸೋಂಕು' ಎಂದು ಇಟ್ಟಿದ್ದೇನೆ. ಮೂಳೆಯೇ ಇಲ್ಲದ ಕಡೆ ಗೂಡು ಅನ್ನಬಹುದಾ?

ಎರಡನೆಯದು 'ಸೆಪ್ಸಿಸ್'. ಇದಕ್ಕೆ ನಮ್ಮ 'ನಂಜು' ಚೆನ್ನಾಗಿದೆ. ನಂಜುಂಡನಲ್ಲಿ ಇರುವುದೂ ಇದೇ ನಂಜು, ವಿಷ. ತೊಡಕು ಏನೆಂದರೆ, ಬೆರಳಿನ ಗಾಯ ಕೀವಾದರೂ 'ನಂಜಾಗಿದೆ' ಅಂತೀವಿ. ಸೆಪ್ಸಿಸ್ ಅಷ್ಟು ಸಣ್ಣದಲ್ಲ. 2016ರಲ್ಲಿ ತಜ್ಞ ವೈದ್ಯರು ಕೊಟ್ಟ ವಿವರಣೆಯಂತೆ, ಸೋಂಕಿನ ವಿರುದ್ಧ ಮೈ ಹೋರಾಡುವ ರೀತಿಯೇ ಹದ ತಪ್ಪಿ, ಕಿಡ್ನಿ, ಶ್ವಾಸಕೋಶದಂಥ ಅಂಗಗಳು ಕೆಡುತ್ತಾ ಜೀವಕ್ಕೇ ಅಪಾಯ ಬರುವುದು ಸೆಪ್ಸಿಸ್. ಹಾಗಾಗಿ ಗಾಯಕ್ಕೆ 'ನಂಜಾಗುವುದು', ಇದಕ್ಕೆ 'ಮೈಗೆ ನಂಜೇರುವುದು' ಎಂದು ಬೇರೆ ಮಾಡಿದ್ದೇನೆ. ನಿಮ್ಮ ಕಿವಿಗೆ ಆ ವ್ಯತ್ಯಾಸ ಕೇಳಿಸುತ್ತದಾ?

ಇನ್ನು 'ಔಟ್‌ಕಮ್', ಅಂದರೆ ಚಿಕಿತ್ಸೆಯಾದ ಮೇಲೆ ರೋಗಿಗೆ ಏನಾಯಿತು ಎಂಬುದು. ನಿಜವಾದ ತಲೆನೋವು ಇದು. ವಯಸ್ಸು, ಸಕ್ಕರೆ ಕಾಯಿಲೆ, ಸಿಗರೇಟು, ಸರಿಯಾದ ಪೋಷಣೆ ಇಲ್ಲದ ಮೈ, ಕರುಳು ತೂತಾದ ಮೇಲೆ ಆಪರೇಷನ್‌ಗೆ ಹಿಡಿದ ಹೊತ್ತು, ಇವೆಲ್ಲ ರೋಗಿಯ ಔಟ್‌ಕಮ್ ಮೇಲೆ ಪರಿಣಾಮ ಬೀರುತ್ತವೆ ಎಂದು ಮೂಲದಲ್ಲಿದೆ. 'ಫಲಿತಾಂಶ' ಅಂದರೆ ಪರೀಕ್ಷೆಯೋ ಚುನಾವಣೆಯೋ ನೆನಪಾಗುತ್ತದೆ. 'ಪರಿಣಾಮ' ಬಳಸಿದರೆ 'ಪರಿಣಾಮದ ಮೇಲೆ ಪರಿಣಾಮ'! 'ರೋಗಿಯ ಗತಿ' ಅಂತೂ ಬೇಡವೇ ಬೇಡ, ಓದಿದವರು ಅಲ್ಲೇ ಅಳುತ್ತಾರೆ. 'ಚೇತರಿಕೆ' ಮುದ್ದಾಗಿದೆ, ಆದರೆ ಚೇತರಿಸಿಕೊಳ್ಳದವರೂ ಲೆಕ್ಕದಲ್ಲಿದ್ದಾರೆ.

ವಾಕ್ಯದೊಳಗಾದರೆ ನಾಮಪದವೇ ಬೇಕಿಲ್ಲ. 'ರೋಗಿ ಹುಷಾರಾಗುತ್ತಾರಾ, ಎಷ್ಟು ದಿನಕ್ಕೆ ಆಗುತ್ತಾರೆ ಎಂಬುದು ಇವುಗಳ ಮೇಲೆ ನಿಂತಿದೆ' ಎಂದು ಕ್ರಿಯಾಪದದಲ್ಲೇ ದಾಟಿಬಿಟ್ಟೆ. ಸಿಕ್ಕಿಬಿದ್ದದ್ದು ಒಂದು ಪಟ್ಟಿಯಲ್ಲಿ. ಕೆಳಗಿನ ಸಾಲುಗಳು ಹೀಗಿವೆ: ಗುಣವಾಗಿ ಮನೆಗೆ ಹೋದವರು, ಮತ್ತೆ ಆಪರೇಷನ್ ಆದವರು, ತೀರಿಕೊಂಡವರು. ಮೂರಕ್ಕೂ ಸಲ್ಲುವ ತಲೆಬರಹ ಬೇಕು, ಎರಡು ಪದಕ್ಕಿಂತ ಜಾಸ್ತಿ ಜಾಗವಿಲ್ಲ. ಪೆನ್ಸಿಲಿನಲ್ಲಿ 'ಕೊನೆಗೆ ಏನಾಯಿತು' ಎಂದು ಬರೆದಿಟ್ಟಿದ್ದೇನೆ. ತೀರಿಕೊಂಡವರಿಗೆ ಅದು ಒಪ್ಪುತ್ತದೆ, ಮನೆಗೆ ಹೋದವರಿಗೆ 'ಕೊನೆ' ಅನ್ನಲು ಕೈ ಬರುತ್ತಿಲ್ಲ. ಬೇರೆ ಏನಾದರೂ ಹೊಳೆಯುತ್ತದಾ?